ಗುರುಗಳ ನೆನಪಿನ ದತ್ತಿ: ಶಿಕ್ಷಕರಾಗಲು ಓದುವವರಿಗೊಂದು ವಿದ್ಯಾರ್ಥಿವೇತನ ಕಟ್ಟಿ ನಡೆಸುವ ಬಗೆ

ತೀರಿಕೊಂಡ ಮಾಸ್ತರರ ಅಥವಾ ಅಕ್ಕೋರ ಹೆಸರು ಉಳಿಯಬೇಕೆಂದು ಅವರ ಮಕ್ಕಳೋ ಹಳೆಯ ವಿದ್ಯಾರ್ಥಿಗಳೋ ಒಂದೆಡೆ ಸೇರಿದಾಗ, ಕೊಪ್ಪಳ ರಾಯಚೂರುಗಳ ಕಡೆ ಸಾಮಾನ್ಯವಾಗಿ ಕೇಳಿಬರುವ ಸಲಹೆಗಳು ಎರಡು: ಶಾಲೆಗೊಂದು ಕಮಾನು ಕಟ್ಟಿಸುವುದು, ಇಲ್ಲವೇ ಹತ್ತನೆಯ ತರಗತಿಯಲ್ಲಿ ಹೆಚ್ಚು ಅಂಕ ಪಡೆದವರಿಗೆ ಬಹುಮಾನ ಕೊಡುವುದು. ಅದೇ ವೃತ್ತಿಗೆ ಬರಲು ಡಿ.ಇಎಲ್.ಇಡಿ. (ಪ್ರಾಥಮಿಕ ಶಿಕ್ಷಕರ ತರಬೇತಿಯ ಡಿಪ್ಲೊಮಾ) ಅಥವಾ ಬಿ.ಇಡಿ. ಓದುತ್ತಿರುವ, ಮನೆಯಲ್ಲಿ ಅನುಕೂಲವಿಲ್ಲದ ವಿದ್ಯಾರ್ಥಿಗೆ ಪ್ರತಿವರ್ಷ ನೆರವಾಗುವ ದತ್ತಿಯೊಂದನ್ನು ಸ್ಥಾಪಿಸುವ ಮೂರನೆಯ ದಾರಿಯೂ ಇದೆ. ಶಿಕ್ಷಕರ ಹುದ್ದೆಗಳು ಖಾಲಿ ಉಳಿದು ಅತಿಥಿ ಶಿಕ್ಷಕರಿಂದಲೇ ಶಾಲೆ ನಡೆಯುವುದನ್ನು ಕಂಡ ಊರುಗಳಿಗೆ ಈ ದಾರಿಯ ಬೆಲೆಯನ್ನು ಬೇರೆಯಾಗಿ ವಿವರಿಸಬೇಕಿಲ್ಲ.

ದತ್ತಿ ಸ್ಥಾಪಿಸುವುದರಲ್ಲಿ ನಮ್ಮವರು ಎಂದೂ ಹಿಂದೆ ಬಿದ್ದವರಲ್ಲ. ಸಾಹಿತ್ಯ ಪರಿಷತ್ತಿನ ಘಟಕಗಳಲ್ಲಿ, ಕಾಲೇಜುಗಳಲ್ಲಿ, ಮಠಗಳ ವಿದ್ಯಾಸಂಸ್ಥೆಗಳಲ್ಲಿ ದತ್ತಿಗಳ ಉದ್ದನೆಯ ಪಟ್ಟಿಯೇ ಇರುತ್ತದೆ. ಆದರೆ ಎಂದೋ ಐದು ಸಾವಿರ ರೂಪಾಯಿ ಠೇವಣಿಯಿಟ್ಟು ಆರಂಭಿಸಿದ ದತ್ತಿಗೆ ಇಂದು ಶೇ 6.5ರ ದರದಲ್ಲಿ ವರ್ಷಕ್ಕೆ ಬರುವ ಬಡ್ಡಿ 325 ರೂಪಾಯಿ, ಅದು ಸಮಾರಂಭದ ಹಾರ ಶಾಲಿಗೂ ಸಾಲುವುದಿಲ್ಲ. ಇಂಥ ದತ್ತಿಗಳು ಹೆಸರಿನ ಫಲಕದಿಂದ ಆರಂಭವಾಗಿ ಅಲ್ಲಿಯೇ ನಿಂತವು. ಈ ಮಾರ್ಗದರ್ಶಿಯಲ್ಲಿ ವಿದ್ಯಾರ್ಥಿಗೆ ಹಣ ಯಾವ ತಿಂಗಳಲ್ಲಿ, ಯಾತಕ್ಕೆ ಬೇಕಾಗುತ್ತದೆ ಎಂಬುದನ್ನು ಮೊದಲು ನೋಡಿಕೊಂಡು, ದತ್ತಿಯ ನಿಯಮಗಳನ್ನು ಅದಕ್ಕೆ ತಕ್ಕಂತೆ ಹೊಂದಿಸಿದ್ದೇನೆ.

ಮೊದಲ ಹಂತ: ವಿದ್ಯಾರ್ಥಿಯ ಎರಡು ವರ್ಷಗಳನ್ನು ತಿಳಿಯುವುದು

ದಾನಿಗಳ ಸಭೆ ಕರೆಯುವ ಮೊದಲು, ಸದ್ಯ ತರಬೇತಿ ಪಡೆಯುತ್ತಿರುವ ನಾಲ್ಕಾರು ಜನರೊಡನೆ ಕುಳಿತು ಅವರ ಖರ್ಚನ್ನು ತಿಂಗಳುವಾರು ಬರೆದುಕೊಳ್ಳಿರಿ. ಕೊಪ್ಪಳ ಜಿಲ್ಲೆಯವರಾದರೆ ಮುನಿರಾಬಾದಿನ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಅಂದರೆ ಡಯಟ್‌, ರಾಯಚೂರಿನವರಾದರೆ ಯರಮರಸಿನ ಡಯಟ್‌ ಇದಕ್ಕೆ ಒಳ್ಳೆಯ ಜಾಗಗಳು, ಖಾಸಗಿ ಬಿ.ಇಡಿ. ಕಾಲೇಜಿನವರನ್ನೂ ಸೇರಿಸಿಕೊಳ್ಳಬೇಕು, ಏಕೆಂದರೆ ಶುಲ್ಕದ ಭಾರ ಹೆಚ್ಚಾಗಿ ಬೀಳುವುದು ಅವರ ಮೇಲೆ.

ಶುಲ್ಕ ಎಲ್ಲರ ಕಣ್ಣಿಗೆ ಬೀಳುವ ಖರ್ಚು. ಅದರ ಆಚೆಗೆ ಸಮವಸ್ತ್ರ, ಪಾಠಯೋಜನೆಯ ದಾಖಲೆ ಪುಸ್ತಕಗಳು, ಚಾರ್ಟ್‌ ಮತ್ತು ಮಾದರಿಗಳು, ಕ್ರಿಯಾಸಂಶೋಧನೆಯ ವರದಿಯ ಮುದ್ರಣ ಹಾಗೂ ಬೈಂಡಿಂಗ್‌, ಪರೀಕ್ಷಾ ಶುಲ್ಕ, ಕೋಣೆಯ ಬಾಡಿಗೆ, ಕೊನೆಗೆ ಶಿಕ್ಷಕರ ಅರ್ಹತಾ ಪರೀಕ್ಷೆಯ ಅರ್ಜಿ ಮತ್ತು ಪುಸ್ತಕಗಳು ಇವೆ. ಶಕ್ತಿ ಯೋಜನೆ ಜಾರಿಯಾದ 2023ರ ಜೂನ್‌ನಿಂದ ವಿದ್ಯಾರ್ಥಿನಿಯರಿಗೆ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸುಗಳ ಖರ್ಚು ತಪ್ಪಿದೆ. ಹುಡುಗರಿಗೆ ತಪ್ಪಿಲ್ಲ, ಬಸ್ಸಿಲ್ಲದ ಹಳ್ಳಿಗೆ ಟಂಟಂ ಹಿಡಿಯಬೇಕಾದವರಿಗೆ ಹೆಣ್ಣು ಗಂಡೆಂಬ ಭೇದವೂ ಇಲ್ಲ.

ಇವೆಲ್ಲಕ್ಕಿಂತ ದೊಡ್ಡದಾದ, ಆದರೆ ಯಾವ ರಸೀತಿಯಲ್ಲೂ ಕಾಣದ ಖರ್ಚೆಂದರೆ ತಪ್ಪಿಹೋಗುವ ಕೂಲಿ. ಪದವಿ ಓದುವಾಗ ಸುಗ್ಗಿಯಲ್ಲಿ ಹತ್ತಿ ಬಿಡಿಸಿ, ಕಾರಟಗಿ ಸಿಂಧನೂರುಗಳ ಕಡೆ ಭತ್ತದ ನಾಟಿಗೆ ಹೋಗಿ, ಇಲ್ಲವೇ ಬಳ್ಳಾರಿಯಲ್ಲಿ ಜೀನ್ಸ್‌ ಹೊಲಿದು ತಮ್ಮ ಖರ್ಚನ್ನು ತಾವೇ ನೋಡಿಕೊಳ್ಳುತ್ತಿದ್ದವರು ಬಿ.ಇಡಿ.ಗೆ ಸೇರಿದ ಮೇಲೆ ಅದನ್ನು ಮುಂದುವರಿಸಲಾರರು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯ ಪ್ರಕಾರ ಎರಡು ವರ್ಷದ ಬಿ.ಇಡಿ.ಯಲ್ಲಿ ಶಾಲಾ ಇಂಟರ್ನ್‌ಶಿಪ್‌ ಒಟ್ಟು 20 ವಾರ, ಅದರಲ್ಲಿ 16 ವಾರ ಎರಡನೆಯ ವರ್ಷದಲ್ಲಿ. ಇಂಟರ್ನ್‌ಶಿಪ್‌ಗೆ ಶೇ 90ರಷ್ಟು ಹಾಜರಾತಿ ಕಡ್ಡಾಯ. ಅಷ್ಟು ದಿನ ಬೆಳಗಿನಿಂದ ಸಂಜೆಯವರೆಗೆ ಸಂಬಳವಿಲ್ಲದೆ ಶಾಲೆಯಲ್ಲಿರಬೇಕಾದ, ಮನೆಯವರು ಬೆಂಗಳೂರಿಗೋ ಗೋವಾಕ್ಕೋ ಗುಳೆ ಹೋಗಿರುವ ವಿದ್ಯಾರ್ಥಿಯ ಓದು ಮುರಿದುಬೀಳುವುದು ಹೆಚ್ಚಾಗಿ ಆ ವಾರಗಳಲ್ಲಿಯೇ. ಆದ್ದರಿಂದ ರಸೀತಿ ತಂದರೆ ಮಾತ್ರ ಹಣ ಎಂಬ ನಿಯಮವನ್ನು ಮಾಡಬೇಡಿರಿ.

ಎರಡನೆಯ ಹಂತ: ಯಾವ ಕೋರ್ಸು ಎಂಬುದನ್ನು ಬರೆಯುವ ರೀತಿ

ನಮ್ಮಲ್ಲಿ ಟಿ.ಸಿ.ಎಚ್‌. ಎಂದಿದ್ದದ್ದು ಡಿ.ಇಡಿ. ಆಯಿತು, ಡಿ.ಇಡಿ. ಎಂದಿದ್ದದ್ದು ಡಿ.ಇಎಲ್.ಇಡಿ. ಆಯಿತು, ಒಂದು ವರ್ಷದ ಬಿ.ಇಡಿ. 2015ರಿಂದ ಎರಡು ವರ್ಷದ್ದಾಯಿತು; 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಿ.ಯು.ಸಿ. ನಂತರದ ನಾಲ್ಕು ವರ್ಷದ ಸಂಯೋಜಿತ ಕೋರ್ಸನ್ನು ಮುಂದಿಟ್ಟಿದೆ. ದತ್ತಿಪತ್ರದಲ್ಲಿ ಕೋರ್ಸಿನ ಹೆಸರನ್ನಷ್ಟೇ ಬರೆದರೆ ಆ ಹೆಸರು ಬದಲಾದ ವರ್ಷವೇ ದತ್ತಿ ತಾಂತ್ರಿಕವಾಗಿ ಅನಾಥವಾಗುತ್ತದೆ. “ಶಾಲಾ ಶಿಕ್ಷಕರ ನೇಮಕಾತಿಗೆ ಅರ್ಹತೆ ನೀಡುವ, ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ ಅಥವಾ ಮುಂದೆ ಅದರ ಸ್ಥಾನದಲ್ಲಿ ಬರುವ ಸಂಸ್ಥೆಯ ಮಾನ್ಯತೆ ಇರುವ ಯಾವುದೇ ತರಬೇತಿ” ಎಂದು ಬರೆದರೆ ಈ ತೊಡಕು ಬರುವುದಿಲ್ಲ.

ಡಿ.ಇಎಲ್.ಇಡಿ.ಯನ್ನು ಕಡೆಗಣಿಸಬಾರದೆಂಬುದು ನನ್ನ ಒತ್ತಾಯ. ಒಂದರಿಂದ ಐದನೆಯ ತರಗತಿಯ ಶಿಕ್ಷಕರ ಹುದ್ದೆಗೆ ಬಿ.ಇಡಿ. ಅರ್ಹತೆಯಾಗದು ಎಂದು ಸುಪ್ರೀಂ ಕೋರ್ಟ್‌ 2023ರ ಆಗಸ್ಟ್‌ನಲ್ಲಿ ತೀರ್ಪು ನೀಡಿತು. ಹಾಗಿದ್ದರೂ ಪದವಿ ಮುಗಿಸಿದವರು ಬಿ.ಇಡಿ.ಯ ಕಡೆಗೇ ಹೋಗುತ್ತಾರೆ, ದಾನಿಗಳೂ ಹೆಚ್ಚಾಗಿ ಬಿ.ಇಡಿ.ಯನ್ನೇ ನೆನೆಯುತ್ತಾರೆ. ನೀವು ನೆನೆಯುತ್ತಿರುವ ಗುರುಗಳು ಅಕ್ಷರ ಕಲಿಸಿದವರಾಗಿದ್ದರೆ, ಅಕ್ಷರ ಕಲಿಸುವ ತರಬೇತಿಗೆ ದತ್ತಿಯ ಒಂದು ಪಾಲು ಮೀಸಲಿರಲಿ.

ಮೂರನೆಯ ಹಂತ: ಹಣ ಯಾರ ಹೆಸರಿನಲ್ಲಿ ಇರಬೇಕು

ಇಡುಗಂಟು ಐದು ಲಕ್ಷದೊಳಗಿದ್ದರೆ ಸ್ವಂತ ಟ್ರಸ್ಟ್‌ ಮಾಡುವ ಗೋಜಿಗೆ ಹೋಗಬೇಡಿರಿ. ಲೆಕ್ಕಪರಿಶೋಧನೆ, ಪ್ರತಿವರ್ಷದ ವಿವರ ಸಲ್ಲಿಕೆ, ಟ್ರಸ್ಟಿಗಳ ಸಭೆ ಎಂದು ಬಡ್ಡಿಯ ಒಂದು ಭಾಗ ಅಲ್ಲಿಯೇ ಕರಗುತ್ತದೆ. ಹಳೆಯದಾದ, ಲೆಕ್ಕ ಚೊಕ್ಕವಿರುವ ಶಿಕ್ಷಣ ಸಂಸ್ಥೆಯಲ್ಲೋ ವಿಶ್ವವಿದ್ಯಾಲಯದಲ್ಲೋ ದತ್ತಿಯಾಗಿ ಇಡುವುದು ಸುಲಭ. ಆದರೆ ಚೆಕ್‌ ಕೊಟ್ಟು ರಸೀತಿ ಪಡೆದು ಬಂದರೆ ಸಾಲದು, ಲಿಖಿತ ಒಪ್ಪಂದ ಇರಬೇಕು: ಇಡುಗಂಟನ್ನು ಮುಟ್ಟುವಂತಿಲ್ಲ, ದತ್ತಿಯ ಠೇವಣಿ ಪ್ರತ್ಯೇಕವಾಗಿರಬೇಕು, ಆಯ್ಕೆ ಸಮಿತಿಯಲ್ಲಿ ದಾನಿಗಳ ಕಡೆಯ ಒಬ್ಬರು ಇರಬೇಕು, ಪ್ರತಿವರ್ಷ ಠೇವಣಿಯ ಮೊತ್ತ, ಬಡ್ಡಿ, ಪಡೆದವರ ವಿವರವನ್ನು ಪತ್ರದ ಮೂಲಕ ತಿಳಿಸಬೇಕು, ಎರಡು ವರ್ಷ ಸತತವಾಗಿ ವಿತರಣೆಯಾಗದಿದ್ದರೆ ಇಡುಗಂಟನ್ನು ಅದೇ ಉದ್ದೇಶದ ಇನ್ನೊಂದು ಸಂಸ್ಥೆಗೆ ವರ್ಗಾಯಿಸಬೇಕು. ಕೊನೆಯ ಷರತ್ತಿಗೆ ಒಪ್ಪದ ಸಂಸ್ಥೆಯನ್ನು ಬಿಟ್ಟು ಬೇರೊಂದನ್ನು ನೋಡುವುದು ಲೇಸು.

ಮೊತ್ತ ಹತ್ತು ಲಕ್ಷ ದಾಟುವಂತಿದ್ದು, ಓಡಾಡುವ ಜನರೂ ಇದ್ದರೆ ಸಾರ್ವಜನಿಕ ದತ್ತಿ ಟ್ರಸ್ಟ್‌ ಸೂಕ್ತ. ಇದಕ್ಕೆ ಟ್ರಸ್ಟ್‌ ಪತ್ರವನ್ನು ಬರೆಸಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ, ಟ್ರಸ್ಟಿನ ಹೆಸರಿನಲ್ಲಿ ಪ್ಯಾನ್‌ ಪಡೆದು, ಬಳಿಕ ಬ್ಯಾಂಕ್‌ ಖಾತೆ ತೆರೆಯಬೇಕು. ಸಂಘವಾಗಿ ನೋಂದಾಯಿಸುವುದಾದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಂತೆ ಕನಿಷ್ಠ 7 ಸದಸ್ಯರು ಬೇಕು, ಚುನಾವಣೆ ನಡೆಯಬೇಕು. ಹಳೆಯ ವಿದ್ಯಾರ್ಥಿಗಳ ಸಂಘ ಈಗಾಗಲೇ ಇದ್ದರೆ ಮಾತ್ರ ಈ ದಾರಿ ಹಿಡಿಯಿರಿ.

ಆದಾಯ ತೆರಿಗೆಯ ನೋಂದಣಿಗಳನ್ನು 1961ರ ಕಾಯ್ದೆಯಲ್ಲಿ 12ಎಬಿ (ಟ್ರಸ್ಟಿನ ಆದಾಯಕ್ಕೆ ವಿನಾಯಿತಿ) ಮತ್ತು 80ಜಿ (ದಾನಿಗೆ ತೆರಿಗೆ ರಿಯಾಯಿತಿ) ಎಂಬ ಕಲಮುಗಳಿಂದ ಗುರುತಿಸಲಾಗುತ್ತಿತ್ತು. 2026ರ ಏಪ್ರಿಲ್‌ 1ರಿಂದ ಅನ್ವಯವಾಗುವ 2025ರ ಹೊಸ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬೇರೆಯಾದ್ದರಿಂದ ರಸೀತಿ ಪುಸ್ತಕ ಮುದ್ರಿಸುವ ಮೊದಲು ಲೆಕ್ಕಪರಿಶೋಧಕರಿಗೆ ತೋರಿಸಿರಿ. ಎರಡು ಸಾವಿರ ರೂಪಾಯಿ ಮೀರಿದ ನಗದು ದೇಣಿಗೆಗೆ ದಾನಿಗೆ ತೆರಿಗೆ ರಿಯಾಯಿತಿ ಸಿಗದು ಎಂಬುದನ್ನು ಮೊದಲೇ ಹೇಳಿಬಿಡಿ. ಹೊರದೇಶದಲ್ಲಿರುವ ಹಳೆಯ ವಿದ್ಯಾರ್ಥಿಗಳ ವಿಷಯದಲ್ಲಿ ಎಚ್ಚರ ಬೇಕು: ಭಾರತದ ಪಾಸ್‌ಪೋರ್ಟ್‌ ಇನ್ನೂ ಇಟ್ಟುಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕ್‌ ಮೂಲಕ ಕಳಿಸುವುದು ವಿದೇಶಿ ದೇಣಿಗೆಯಾಗುವುದಿಲ್ಲ, ಬೇರೆ ದೇಶದ ಪೌರತ್ವ ಪಡೆದವರು ಕಳಿಸಿದರೆ ಆಗುತ್ತದೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಇಲ್ಲದೆ ಅದನ್ನು ಸ್ವೀಕರಿಸುವಂತಿಲ್ಲ.

ನಾಲ್ಕನೆಯ ಹಂತ: ಇಡುಗಂಟಿನ ಲೆಕ್ಕ

ಐದು ಲಕ್ಷ ರೂಪಾಯಿಯ ಇಡುಗಂಟನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಶೇ 6.5ರ ಬಡ್ಡಿಯಲ್ಲಿ ವರ್ಷಕ್ಕೆ 32,500 ರೂಪಾಯಿ ಬರುತ್ತದೆ. ನೋಂದಾಯಿತ ದತ್ತಿ ಸಂಸ್ಥೆಗಳು ಆದಾಯದ ಶೇ 85ರಷ್ಟನ್ನು ಉದ್ದೇಶಕ್ಕೆ ವೆಚ್ಚ ಮಾಡಿ, ಶೇ 15ರವರೆಗೆ ಉಳಿಸಿಕೊಳ್ಳಲು ತೆರಿಗೆ ಕಾನೂನು ಅವಕಾಶ ಕೊಡುತ್ತದೆ. ಆ ಶೇ 15, ಅಂದರೆ 4,875 ರೂಪಾಯಿಯನ್ನು ಇಡುಗಂಟಿಗೆ ಸೇರಿಸಿದರೆ ವಿತರಣೆಗೆ 27,625 ರೂಪಾಯಿ ಉಳಿಯುತ್ತದೆ. ಪ್ರತಿವರ್ಷ ಒಬ್ಬ ಹೊಸ ವಿದ್ಯಾರ್ಥಿಯನ್ನು ಆರಿಸಿ ಎರಡು ವರ್ಷ ನೆರವು ಕೊಡುವುದಾದರೆ ಯಾವ ವರ್ಷವೂ ಇಬ್ಬರು ದತ್ತಿಯಲ್ಲಿ ಇರುತ್ತಾರೆ, ತಲಾ 13,500 ರೂಪಾಯಿ ಕೊಡಬಹುದು. ಇದೇ ಮೊತ್ತವನ್ನು ಹತ್ತು ಜನರಿಗೆ ಹಂಚಿ ವೇದಿಕೆ ತುಂಬಿಸುವ ಮೋಹ ಬರುತ್ತದೆ. ಎರಡು ಸಾವಿರದೇಳುನೂರು ರೂಪಾಯಿಯಿಂದ ಯಾರ ಓದೂ ನಿಲ್ಲುವುದು ತಪ್ಪುವುದಿಲ್ಲ.

ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ ಹನ್ನೆರಡು ವರ್ಷಗಳಲ್ಲಿ ಹಣದ ಕೊಳ್ಳುವ ಶಕ್ತಿ ಅರ್ಧವಾಗುತ್ತದೆ. ಬಡ್ಡಿಯ ಶೇ 15ನ್ನು ಸೇರಿಸುತ್ತ ಹೋದರೂ ಅಷ್ಟರಲ್ಲಿ ನಿಮ್ಮ ಇಡುಗಂಟು ಐದು ಲಕ್ಷ ಅರವತ್ತೆರಡು ಸಾವಿರದ ಆಸುಪಾಸಿನಲ್ಲಿರುತ್ತದೆ. ದತ್ತಿ ತನ್ನ ಬೆಲೆ ಉಳಿಸಿಕೊಳ್ಳಬೇಕಾದರೆ ಮೊದಲ ವರ್ಷವೇ ಇನ್ನೂ ಇಪ್ಪತ್ತೈದು ಸಾವಿರದಷ್ಟು ಹೊರಗಿನಿಂದ ಸೇರಬೇಕು, ಅಂದರೆ ಐವತ್ತು ಜನ ತಲಾ ಐನೂರು ಕೊಟ್ಟಷ್ಟು. ಪುಣ್ಯಸ್ಮರಣೆಯ ದಿನ ಊಟ ಹಾಕಿಸುವ ಮನೆಯವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಿದರೆ ಒಪ್ಪದಿರುವವರು ಕಡಿಮೆ.

ಠೇವಣಿಯ ಸುರಕ್ಷತೆಯ ವಿಷಯದಲ್ಲಿ ಒಂದೇ ಮಾತು. ಬ್ಯಾಂಕ್‌ ಠೇವಣಿಗೆ ವಿಮಾ ರಕ್ಷಣೆ ಇರುವುದು ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಐದು ಲಕ್ಷದವರೆಗೆ; ಊರಿನ ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಆ ರಕ್ಷಣೆಯೂ ಇಲ್ಲ. ಅಲ್ಲಿ ಎರಡು ಪರ್ಸೆಂಟ್‌ ಹೆಚ್ಚು ಬಡ್ಡಿ ಸಿಗುತ್ತದೆಂದು ಪರಿಚಯದವರು ಹೇಳಿದಾಗ ಕೈಮುಗಿದು ಬನ್ನಿರಿ.

ಐದನೆಯ ಹಂತ: ಅರ್ಜಿ ಮತ್ತು ಆಯ್ಕೆ

ಅರ್ಜಿ ಕನ್ನಡದಲ್ಲಿ, ಎರಡು ಪುಟ ಮೀರದಂತೆ ಇರಲಿ. ದಾಖಲಾತಿಯ ಪತ್ರ, ಪದವಿಯ ಅಥವಾ ಪಿ.ಯು.ಸಿ.ಯ ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಪಡಿತರ ಚೀಟಿಯ ಪ್ರತಿ, ಬ್ಯಾಂಕ್‌ ಪಾಸ್‌ಬುಕ್ಕಿನ ಮೊದಲ ಪುಟ ಇಷ್ಟು ಸಾಕು. ನಾಡಕಚೇರಿಯ ಪ್ರಮಾಣಪತ್ರದಲ್ಲಿರುವ ಆರ್‌.ಡಿ. ಸಂಖ್ಯೆಯಿಂದ ಅದರ ನೈಜತೆಯನ್ನು ಜಾಲತಾಣದಲ್ಲಿಯೇ ನೋಡಬಹುದಾದ್ದರಿಂದ ಗೆಜೆಟೆಡ್‌ ಅಧಿಕಾರಿಯ ದೃಢೀಕರಣ ಕೇಳಿ ಅಲೆದಾಡಿಸುವ ಅಗತ್ಯವಿಲ್ಲ. ಸ್ಥಳೀಯರಿಗೇ ಕೊಡಬೇಕೆಂದಿದ್ದರೆ ಕಲ್ಯಾಣ ಕರ್ನಾಟಕದವರೆಂದು ತೋರಿಸುವ 371(ಜೆ) ಪ್ರಮಾಣಪತ್ರದ ಪ್ರತಿ ಕೇಳಿರಿ; ಸೀಟಿಗಾಗಿ ಬಹುತೇಕರು ಅದನ್ನು ಮಾಡಿಸಿಕೊಂಡೇ ಇರುತ್ತಾರೆ. ಜಾತಿ, ವಯಸ್ಸು, ವೈವಾಹಿಕ ಸ್ಥಿತಿಗಳ ಮಿತಿ ಹಾಕುವುದನ್ನು ನಾನು ಒಪ್ಪುವುದಿಲ್ಲ. ಮದುವೆಯಾಗಿ, ಮಗುವಾದ ಮೇಲೆ ಮತ್ತೆ ಓದಲು ಬಂದ ಹೆಣ್ಣುಮಗಳೇ ಅನೇಕ ವೇಳೆ ಅತ್ಯಂತ ಅರ್ಹ ಅಭ್ಯರ್ಥಿ.

ಸುದ್ದಿ ತಲುಪಿಸಲು ಪತ್ರಿಕಾ ಪ್ರಕಟಣೆಯೊಂದನ್ನೇ ನಂಬಬಾರದು. ಕಾಲೇಜುಗಳ ಪ್ರಾಚಾರ್ಯರಿಗಿಂತ ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಹಾಸ್ಟೆಲ್‌ಗಳ ವಾರ್ಡನ್‌ಗಳ ಮೂಲಕ ಹೋದ ಸುದ್ದಿ ಬೇಗ ಮುಟ್ಟುತ್ತದೆ. ತರಬೇತಿದಾರರ ವಾಟ್ಸ್‌ಆ್ಯಪ್‌ ಗುಂಪುಗಳಿವೆ, ರಾಯಚೂರು ಮತ್ತು ಹೊಸಪೇಟೆಯ ಆಕಾಶವಾಣಿ ಕೇಂದ್ರಗಳೂ ಇವೆ.

ಆಯ್ಕೆಗೆ ನೂರು ಅಂಕಗಳ ಒಂದು ಪಟ್ಟಿ ಮಾಡಿಕೊಳ್ಳಿರಿ: ಮನೆಯ ಸ್ಥಿತಿಗೆ 45, ಬೋಧನೆಗೆ 30, ಶಿಕ್ಷಕನಾಗಬೇಕೆಂದಿರುವುದೇಕೆ ಎಂಬ ಒಂದು ಪುಟದ ಬರಹಕ್ಕೆ 15, ಹಿಂದಿನ ಪರೀಕ್ಷೆಯ ಅಂಕಕ್ಕೆ 10. ಅಂಕಪಟ್ಟಿಗೆ ಇಷ್ಟು ಕಡಿಮೆ ತೂಕವೇಕೆ ಎಂದು ಸಮಿತಿಯ ಹಿರಿಯರು ಕೇಳುತ್ತಾರೆ. ಕೇಂದ್ರೀಕೃತ ದಾಖಲಾತಿಯಲ್ಲಿ ಅಂಕಗಳ ಸೋಸುವಿಕೆ ಆಗಲೇ ನಡೆದಿರುತ್ತದೆ; ಅದನ್ನೇ ಮತ್ತೆ ಮಾಡುವುದರಿಂದ ಪ್ರಯೋಜನವಿಲ್ಲ.

ಮನೆಯ ಸ್ಥಿತಿಯನ್ನು ಆದಾಯ ಪ್ರಮಾಣಪತ್ರದ ಅಂಕಿಯಿಂದಷ್ಟೇ ಅಳೆಯಲಾಗದು. ಆ ಪತ್ರದ ಅವಧಿ ಐದು ವರ್ಷ, ನಮ್ಮ ಕಡೆಯ ಬದುಕು ಒಂದೇ ಮಳೆಗಾಲದಲ್ಲಿ ತಿರುಗುಮುರುಗಾಗುತ್ತದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್‌ ಗೇಟ್‌ ಕೊಚ್ಚಿಹೋದಾಗ, ಎಡದಂಡೆ ಕಾಲುವೆಯ ಕೆಳಗೆ ನೀರಾವರಿ ಜಮೀನಿದೆ ಎಂಬ ಒಂದೇ ಕಾರಣಕ್ಕೆ ಅನುಕೂಲಸ್ಥರೆನಿಸಿಕೊಂಡಿದ್ದವರೂ ಬೆಳೆಯ ಚಿಂತೆಗೆ ಬಿದ್ದರು. ಜಮೀನು ಕಾಲುವೆಯ ಮೊದಲಲ್ಲಿದೆಯೋ ಕೊನೆಯಲ್ಲಿದೆಯೋ, ಕುಷ್ಟಗಿ ಯಲಬುರ್ಗಾಗಳ ಒಣಬೇಸಾಯದ್ದೋ, ಮನೆಯಲ್ಲಿ ದುಡಿಯುವವರೆಷ್ಟು, ಗುಳೆ ಹೋಗುತ್ತಾರೆಯೇ, ಮನೆಯಲ್ಲಿ ಪದವಿ ಕಂಡ ಮೊದಲಿಗರೇ ಎಂಬ ನಾಲ್ಕೈದು ಪ್ರಶ್ನೆಗಳು ಪ್ರಮಾಣಪತ್ರಕ್ಕಿಂತ ಹೆಚ್ಚು ಹೇಳುತ್ತವೆ. ಉತ್ತರಗಳನ್ನು ಅಭ್ಯರ್ಥಿ ಓದಿದ ಶಾಲೆಯ ಮುಖ್ಯಗುರುಗಳಿಗೆ ಫೋನು ಮಾಡಿ ಖಚಿತಪಡಿಸಿಕೊಳ್ಳಬಹುದು. ಮನೆಗೆ ಹೋಗಲೇಬೇಕಾದರೆ ಒಬ್ಬರೇ ಹೋಗಿ, ಕ್ಯಾಮೆರಾ ಒಯ್ಯಬೇಡಿರಿ.

ಬೋಧನೆಯ ಪರೀಕ್ಷೆಗೆ ಹತ್ತು ನಿಮಿಷ ಸಾಕು, ಆದರೆ ಎದುರಿಗೆ ನಿಜವಾದ ಮಕ್ಕಳಿರಬೇಕು. ಸಮೀಪದ ಶಾಲೆಯೊಂದರ ಮುಖ್ಯಗುರುಗಳು ಒಪ್ಪಿದರೆ ಐದನೆಯ ತರಗತಿಯೊಂದರಲ್ಲಿ ಇದನ್ನು ನಡೆಸಬಹುದು. ಭಿನ್ನರಾಶಿಗಳ ಸಂಕಲನ ಒಳ್ಳೆಯ ವಿಷಯ. ಅರ್ಧಕ್ಕೆ ಮೂರನೆಯ ಒಂದು ಭಾಗ ಸೇರಿಸಿದರೆ ಎಷ್ಟೆಂದು ಕೇಳಿದಾಗ ತರಗತಿಯಲ್ಲಿ ಯಾರಾದರೊಬ್ಬರು “ಐದನೇ ಎರಡು ಸರ್‌” ಎನ್ನುತ್ತಾರೆ, ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ. “ತಪ್ಪು, ಕೂತ್ಕೋ” ಎಂದು ಮುಂದಿನವರ ಕಡೆ ತಿರುಗುವ ಅಭ್ಯರ್ಥಿ ಒಂದು ಬಗೆ. “ಐದರಲ್ಲಿ ಎರಡು ಅಂದ್ರ ಅರ್ಧಕ್ಕಿಂತ ಹೆಚ್ಚೋ ಕಡಿಮಿನೋ? ಅರ್ಧಕ್ಕ ಮತ್ತಷ್ಟು ಕೂಡಿಸಿದ ಮ್ಯಾಲ ಕಡಿಮಿ ಹೆಂಗಾತು?” ಎಂದು ಅದೇ ಮಗುವನ್ನು ಕೇಳಿ, ಅದು ತಾನೇ ಬೋರ್ಡಿನ ಹತ್ತಿರ ಬರುವಂತೆ ಮಾಡುವ ಅಭ್ಯರ್ಥಿ ಇನ್ನೊಂದು ಬಗೆ. ಮೂವತ್ತರಲ್ಲಿ ಇಪ್ಪತ್ತು ಅಂಕವನ್ನು ಇದಕ್ಕೇ ಇಡಬಹುದು. ಉಳಿದ ಹತ್ತನ್ನು ಮಕ್ಕಳ ಮನೆಮಾತಿನ ಅರಿವಿಗೆ ಇಡಿರಿ: ತಾಂಡಾಗಳಲ್ಲಿ ಲಂಬಾಣಿ, ಬಳ್ಳಾರಿ ಸಿರುಗುಪ್ಪ ರಾಯಚೂರುಗಳ ಗಡಿ ಊರುಗಳಲ್ಲಿ ತೆಲುಗು, ಪೇಟೆಯ ಓಣಿಗಳಲ್ಲಿ ಉರ್ದು ಆಡುವ ಮಕ್ಕಳು ಒಂದನೆಯ ತರಗತಿಗೆ ಬಂದಾಗ ಅವರ ಮಾತು ಬಲ್ಲ ಶಿಕ್ಷಕರೊಬ್ಬರು ಇರುವುದಕ್ಕೂ ಇಲ್ಲದಿರುವುದಕ್ಕೂ ಬಹಳ ವ್ಯತ್ಯಾಸವಿದೆ.

ಆಯ್ಕೆಯಾಗದವರಿಗೂ ಒಂದು ಪತ್ರ ಹೋಗಬೇಕು. ಇದನ್ನು ಮಾಡುವ ದತ್ತಿಗಳು ವಿರಳ.

ಆರನೆಯ ಹಂತ: ಹಣ ತಲುಪಿಸುವುದು

ಪುಣ್ಯತಿಥಿಯಂದೋ ಸೆಪ್ಟೆಂಬರ್‌ 5ರಂದೋ ವಿತರಿಸುವುದು ರೂಢಿ. ದಾಖಲಾತಿಯ ವೇಳಾಪಟ್ಟಿ ವರ್ಷದಿಂದ ವರ್ಷಕ್ಕೆ ಹಿಂದುಮುಂದಾಗುವಾಗ ಈ ನಿಗದಿತ ದಿನಗಳು ವಿದ್ಯಾರ್ಥಿಯ ಅಗತ್ಯಕ್ಕೆ ಹೊಂದಿಕೆಯಾಗುವುದಿಲ್ಲ. ಸಮಾರಂಭ ಬೇಕಾದರೆ ಆ ದಿನವೇ ಆಗಲಿ, ಹಣ ಮಾತ್ರ ಅದಕ್ಕೆ ಕಾಯದಿರಲಿ. ಎರಡು ವರ್ಷದ 27,000 ರೂಪಾಯಿಯನ್ನು ಮೂರು ಕಂತಾಗಿಸಿ, ದಾಖಲಾತಿಯಾದ ಹದಿನೈದು ದಿನದೊಳಗೆ 10,000, ಎರಡನೆಯ ವರ್ಷದ ಇಂಟರ್ನ್‌ಶಿಪ್‌ ಆರಂಭಕ್ಕೆ ಮೊದಲು 12,000, ಕೊನೆಯ ಪರೀಕ್ಷೆ ಮತ್ತು ಅರ್ಹತಾ ಪರೀಕ್ಷೆಯ ಹೊತ್ತಿಗೆ 5,000 ಕೊಡುವುದು ನಾನು ಸೂಚಿಸುವ ಕ್ರಮ. ಮೊದಲ ವರ್ಷ ಮಿಕ್ಕಿದ್ದನ್ನು ಎರಡನೆಯ ವರ್ಷಕ್ಕೆಂದು ಖಾತೆಯಲ್ಲಿಯೇ ಇಟ್ಟುಕೊಳ್ಳಬೇಕು. ಸರ್ಕಾರದ ವಿದ್ಯಾರ್ಥಿವೇತನ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ ಮೂಲಕ ಪರಿಶೀಲನೆ, ಮಂಜೂರಾತಿಗಳನ್ನು ದಾಟಿ ಬರುವಷ್ಟರಲ್ಲಿ ದಾಖಲಾತಿಯ ತಿಂಗಳು ಕಳೆದಿರುತ್ತದೆ. ನಿಮ್ಮ ಮೊದಲ ಕಂತು ಆ ಅಂತರವನ್ನು ತುಂಬಬೇಕು. ಶುಲ್ಕ ಮರುಪಾವತಿ ಪಡೆಯುವವರಿಗೆ ತೊಡಕಾಗದಂತೆ, ನಿಮ್ಮದು ಪುಸ್ತಕ, ವಸತಿ, ಪ್ರಯಾಣಗಳ ನೆರವೆಂದು ಮಂಜೂರಾತಿ ಪತ್ರದಲ್ಲಿ ಸ್ಪಷ್ಟವಾಗಿ ಬರೆಯಿರಿ.

ಹಣ ವಿದ್ಯಾರ್ಥಿಯ ಸ್ವಂತ ಖಾತೆಗೇ ಹೋಗಬೇಕು. ಹಳೆಯ ಪಾಸ್‌ಬುಕ್ಕಿನ ಐ.ಎಫ್‌.ಎಸ್‌.ಸಿ. ಸಂಕೇತವನ್ನು ನಂಬಬೇಡಿರಿ; ಸ್ಟೇಟ್‌ ಬ್ಯಾಂಕ್‌ ಆಫ್‌ ಹೈದರಾಬಾದ್‌ 2017ರಲ್ಲಿ, ಸಿಂಡಿಕೇಟ್‌ ಬ್ಯಾಂಕ್‌ 2020ರಲ್ಲಿ ವಿಲೀನವಾದರೂ ಅವುಗಳ ಪಾಸ್‌ಬುಕ್ಕುಗಳು ಈಗಲೂ ನಮ್ಮ ಮನೆಗಳ ಟ್ರಂಕುಗಳಲ್ಲಿವೆ. ಮೊದಲು ಒಂದು ರೂಪಾಯಿ ಕಳಿಸಿ, ಬಂತೆಂದು ಫೋನಿನಲ್ಲಿ ಕೇಳಿಕೊಂಡು ಉಳಿದದ್ದನ್ನು ಕಳಿಸಿರಿ. ಮದುವೆಯ ನಂತರ ಹೆಸರು ಬದಲಾದವರ ಅಂಕಪಟ್ಟಿ, ಆಧಾರ್‌, ಖಾತೆಗಳಲ್ಲಿ ಮೂರು ಹೆಸರುಗಳಿರುವುದು ಅಪರೂಪವಲ್ಲ. ಒಂದು ಸ್ವಯಂಘೋಷಣೆಯನ್ನು ಕಡತದಲ್ಲಿಟ್ಟುಕೊಂಡರೆ ಸಾಕು.

ಮುಂದಿನ ಕಂತಿಗೆ ಪ್ರಥಮ ದರ್ಜೆಯ ಷರತ್ತು ಬೇಡ. ಕೋರ್ಸಿನ ನಿಯಮವೇ ಕೇಳುವ ಶೇ 80ರ ಹಾಜರಾತಿಯ ಪತ್ರ ಸಾಕು. ಹೆರಿಗೆ, ಕಾಯಿಲೆ, ಮನೆಯ ಸಾವುನೋವಿನಿಂದ ಓದು ನಿಂತರೆ ಉಳಿದ ಕಂತನ್ನು ಒಂದು ವರ್ಷ ಕಾಯ್ದಿರಿಸುವ ಅಧಿಕಾರ ಸಮಿತಿಗಿರಲಿ. ಕಡ್ಡಾಯವಾಗಿ ಇಷ್ಟು ವರ್ಷ ಈ ತಾಲ್ಲೂಕಿನಲ್ಲೇ ಕಲಿಸಬೇಕೆಂಬ ಮುಚ್ಚಳಿಕೆ ಬರೆಸಿಕೊಳ್ಳುವ ಆಸೆ ಕೆಲವರಿಗಿರುತ್ತದೆ. ನೇಮಕಾತಿಯ ಅಧಿಸೂಚನೆ ಯಾವಾಗ ಬರುತ್ತದೆಂಬುದು ಅಭ್ಯರ್ಥಿಯ ಕೈಯಲ್ಲಿಲ್ಲದಿರುವಾಗ ಅಂಥ ಮುಚ್ಚಳಿಕೆಗೆ ಅರ್ಥವಿಲ್ಲ.

ಏಳನೆಯ ಹಂತ: ಸ್ಥಾಪಕರ ನಂತರ

ಬಹುಪಾಲು ದತ್ತಿಗಳು ನಿಲ್ಲುವುದು ಹಣವಿಲ್ಲದೆ ಅಲ್ಲ, ಕಡತ ಯಾರ ಮನೆಯಲ್ಲಿದೆಯೆಂದು ಗೊತ್ತಿಲ್ಲದೆ. ಠೇವಣಿ ಪತ್ರಗಳ ಸಂಖ್ಯೆ ಮತ್ತು ಮುಗಿಯುವ ದಿನಾಂಕ, ಟ್ರಸ್ಟ್‌ ಪತ್ರದ ನೋಂದಣಿ ಸಂಖ್ಯೆ, ಪ್ಯಾನ್‌, ಜಾಲತಾಣಗಳ ಪ್ರವೇಶಪದ, ಲೆಕ್ಕಪರಿಶೋಧಕರ ವಿಳಾಸ ಇವನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು ಇಬ್ಬರ ಬಳಿ ಇಡಿರಿ. ಬ್ಯಾಂಕ್‌ ಖಾತೆಗೆ ಮೂವರಲ್ಲಿ ಯಾರಾದರೂ ಇಬ್ಬರ ಸಹಿ ಎಂಬ ನಿಯಮವಿರಲಿ. ವಿದ್ಯಾರ್ಥಿಗಳ ಆಧಾರ್‌ ಪ್ರತಿ, ಆದಾಯದ ವಿವರಗಳು ವಾಟ್ಸ್‌ಆ್ಯಪ್‌ ಗುಂಪಿನಲ್ಲಿ ಹರಿದಾಡಬಾರದು.

ಟ್ರಸ್ಟಿಗಳಲ್ಲಿ ಮನೆತನದವರು ಅರ್ಧಕ್ಕಿಂತ ಕಡಿಮೆ ಇರಲಿ, ನಿವೃತ್ತ ಶಿಕ್ಷಕರೊಬ್ಬರು ಇರಲಿ. ಅರ್ಹರು ಸಿಗದ ವರ್ಷ ಬಡ್ಡಿಯನ್ನು ಸುಮ್ಮನೆ ಹಂಚದೆ ಮರುವರ್ಷ ಇಬ್ಬರನ್ನು ಆರಿಸುವ ಅವಕಾಶವನ್ನು ದತ್ತಿಪತ್ರದಲ್ಲಿಯೇ ಬರೆಯಿರಿ. ದತ್ತಿ ಆರಂಭವಾಗಿ ಐದಾರು ವರ್ಷಗಳಾದ ಮೇಲೆ, ಅದರ ನೆರವು ಪಡೆದು ಈಗ ಶಾಲೆಯಲ್ಲಿ ಕಲಿಸುತ್ತಿರುವ ಒಬ್ಬರನ್ನು ಆಯ್ಕೆ ಸಮಿತಿಗೆ ಸೇರಿಸಿಕೊಳ್ಳಿರಿ. ಇಂಟರ್ನ್‌ಶಿಪ್‌ನ ಆ ವಾರಗಳಲ್ಲಿ ಯಾವ ಖರ್ಚು ಹೊಸದಾಗಿ ಬಂದಿದೆ, ಕಂತಿನ ಮೊತ್ತ ಯಾವುದಕ್ಕೆ ಸಾಲುತ್ತಿಲ್ಲ ಎಂಬುದನ್ನು ಉಳಿದ ಸದಸ್ಯರಿಗೆ ಹೇಳಬಲ್ಲವರು ಅವರೇ.